ಒರಟು ಕೆಲಸಕ್ಕೊಂದು ಕೈಗಡಿಯಾರ

ಮೊಬೈಲ್ ಬಂದ ಮೇಲೆ ಕೈಗಡಿಯಾರದ ಕಾಲ ಮುಗಿಯಿತು ಎಂದೇ ನಾವೆಲ್ಲ ತಿಳಿದಿದ್ದೆವು. ಆದರೆ 2023ರ ಅಕ್ಟೋಬರಿನಲ್ಲಿ, ನಾಲ್ಕನೇ ಟರ್ಮ್ ಶುರುವಾಗುತ್ತಲೇ, ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಹೈಸ್ಕೂಲುಗಳಲ್ಲಿ ಫೋನಿಗೆ ನಿಷೇಧ ಬಂತು. ಮೆಲ್ಬರ್ನ್ ಕಡೆಯವರಿಗೆ ಇದು ಹಳೆಯ ಸುದ್ದಿ, ಅಲ್ಲಿ 2020ರಿಂದಲೇ ಇದೆ. ಹುಡುಗರ ಕೈಯಿಂದ ಫೋನು ಹೋದ ಮೇಲೆ ತಾನೇ ಗೊತ್ತಾಗಿದ್ದು, ನಮ್ಮ ಮಕ್ಕಳಿಗೆ ಹೊತ್ತು ನೋಡಲು ಬೇರೆ ದಾರಿಯೇ ಇಲ್ಲವೆಂದು. ಇನ್ನು ಎಚ್‌ಎಸ್‌ಸಿ ಪರೀಕ್ಷೆಗೆ ಕೂರುವವರಂತೂ ಸ್ಮಾರ್ಟ್‌ವಾಚ್ ತರುವ ಹಾಗಿಲ್ಲ. ಸಾದಾ ವಾಚಾದರೆ ತರಬಹುದು, ಅದನ್ನೂ ಬಿಚ್ಚಿ ಮೇಲ್ವಿಚಾರಕರಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಬೇಕು.

ಆದ್ದರಿಂದ ನಮ್ಮ ಮಾರ್ಸ್ಡನ್ ಪಾರ್ಕಿನಲ್ಲಿ ಈಗ ಒಂದು ಹೊಸ ಪ್ರಶ್ನೆ ಓಡಾಡುತ್ತಿದೆ. ಸತ್ಯನಾರಾಯಣ ಪೂಜೆಯ ಊಟದ ಪಂಕ್ತಿಯಲ್ಲಿ, ಶನಿವಾರದ ಕ್ರಿಕೆಟ್ ಮೈದಾನದ ಅಂಚಿನಲ್ಲಿ, ಬನ್ನಿಂಗ್ಸ್‌ನ ಸಾಲಿನಲ್ಲಿ: "ಸಾರ್, ಮಗನಿಗೊಂದು ಗಟ್ಟಿಮುಟ್ಟಾದ ವಾಚು ಬೇಕು, ಹೆಚ್ಚು ದುಡ್ಡು ಹಾಕೋಲ್ಲ, ಯಾವುದು ತೊಗೊಳ್ಳಲಿ?" ಮಗ ಸ್ಕೌಟಿಗೆ ಹೋಗುತ್ತಾನೆ, ಮಗಳು ಡ್ಯೂಕ್ ಆಫ್ ಎಡಿನ್ಬರಾ ಅವಾರ್ಡಿಗಾಗಿ ಬೆನ್ನಿಗೆ ಚೀಲ ಹೊತ್ತು ಬ್ಲೂ ಮೌಂಟನ್ಸ್ ಹತ್ತುತ್ತಾಳೆ. ಅಪ್ಪ ಸೈಟಿನಲ್ಲೋ ಗೋದಾಮಿನಲ್ಲೋ ದುಡಿಯುವವನು. ರಿಚ್ಮಂಡ್ ರಸ್ತೆಯ ಎರಡೂ ಕಡೆ ಇನ್ನೂ ಮನೆ ಏಳುತ್ತಲೇ ಇರುವ ಊರು ನಮ್ಮದು, ಧೂಳಿಗೆ ಬರವಿಲ್ಲ. ಬೇಸಿಗೆಯ ಬಿಸಿಲಿನ ಮಾತಂತೂ ಕೇಳಲೇಬೇಡಿ. 2020ರ ಜನವರಿ 4ರಂದು ಪಕ್ಕದ ಪೆನ್ರಿತ್‌ನಲ್ಲಿ 48.9 ಡಿಗ್ರಿ ದಾಖಲಾಗಿದ್ದು ನಿಮಗೆಲ್ಲ ನೆನಪಿರಬಹುದು. ಇಂಥ ಕಡೆ ಮದುವೆಯಲ್ಲಿ ಮಾವ ಕೊಟ್ಟ ತೆಳ್ಳನೆಯ ಚಿನ್ನದ ಬಣ್ಣದ ವಾಚು ಕಟ್ಟಿಕೊಂಡು ಕೆಲಸಕ್ಕಿಳಿದರೆ, ಮೈಸೂರು ರೇಷ್ಮೆ ಉಟ್ಟು ಗದ್ದೆ ನಾಟಿಗೆ ಹೋದ ಹಾಗೆ.

ಅದಕ್ಕೇ ಇವತ್ತಿನ ಮಾತು ಫೀಲ್ಡ್ ವಾಚಿನ ಬಗ್ಗೆ. ಅಂಗಡಿಯವರು ಈ ಹೆಸರನ್ನು ಯಾವ ಯಾವುದಕ್ಕೋ ಅಂಟಿಸುತ್ತಾರೆ. ಹಸಿರು ಬೆಲ್ಟು ಹಾಕಿಬಿಟ್ಟರೆ ಸಾಕು, ಫೀಲ್ಡ್ ವಾಚು! ಆದರೆ ಈ ಬಗೆಯ ಗಡಿಯಾರ ಹುಟ್ಟಿದ್ದು ಅಲಂಕಾರಕ್ಕಲ್ಲ, ಯುದ್ಧಭೂಮಿಯಲ್ಲಿ. ಬೋಯರ್ ಯುದ್ಧದ ಹೊತ್ತಿಗೇ ಸಿಪಾಯಿಗಳು ಜೇಬಿನ ಗಡಿಯಾರವನ್ನು ಚರ್ಮದ ಪಟ್ಟಿಗೆ ಸಿಕ್ಕಿಸಿ ಮುಂಗೈಗೆ ಕಟ್ಟಿಕೊಳ್ಳುತ್ತಿದ್ದರು. ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಕುದುರೆಯ ಲಗಾಮು ಇರುವವನು ಜೇಬಿಗೆ ಕೈ ಹಾಕುವುದು ಹೇಗೆ? ಮೊದಲ ಮಹಾಯುದ್ಧದ ಕಂದಕಗಳಲ್ಲಿ ಅದೇ ರೂಢಿಯಾಯಿತು.

ಗಡಿಯಾರ ಸರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದ ಚರಿತ್ರೆಯಲ್ಲೇ ಒಂದು ಕರುಳು ಹಿಂಡುವ ಪ್ರಸಂಗ ಇದೆ. ನಮ್ಮ ಮಕ್ಕಳು ಪ್ರತಿವರ್ಷ ಆನ್ಜಾಕ್ ದಿನದಂದು ಶಾಲೆಯಲ್ಲಿ ಗಲಿಪೊಲಿಯ ಕಥೆ ಕೇಳಿ ಬರುತ್ತಾರಲ್ಲ, ಅದರಲ್ಲಿ ನೆಕ್ ಎಂಬ ಕಿರಿದಾದ ದಿಣ್ಣೆಯ ಮೇಲೆ ನಡೆದದ್ದು ಇದು. 1915ರ ಆಗಸ್ಟ್ 7ರ ನಸುಕು. ಬೆಳಗ್ಗೆ 4.30ರವರೆಗೆ ತುರ್ಕರ ಕಂದಕಗಳ ಮೇಲೆ ತೋಪು ಸಿಡಿಯುತ್ತಿರಬೇಕು, ನಿಂತ ಮರುಕ್ಷಣವೇ ಆಸ್ಟ್ರೇಲಿಯದ ಲೈಟ್ ಹಾರ್ಸ್ ದಳದವರು ನುಗ್ಗಬೇಕು, ಹಾಗೆಂದು ಗೊತ್ತುಮಾಡಿದ್ದರು. ಆದರೆ ತೋಪುಗಳು 4.23ಕ್ಕೇ ನಿಂತವು. ಆ ಏಳು ನಿಮಿಷದಲ್ಲಿ ತುರ್ಕರು ಮತ್ತೆ ಕಂದಕಕ್ಕೆ ಬಂದು ಮೆಷಿನ್ ಗನ್ ಹಿಡಿದು ಕೂತರು. ಮೊದಲ ಸಾಲಿನಲ್ಲಿ ವಿಕ್ಟೋರಿಯಾದ ಹುಡುಗರು, ಆಮೇಲೆ ಪಶ್ಚಿಮ ಆಸ್ಟ್ರೇಲಿಯದವರು, ಸಾಲು ಸಾಲಾಗಿ ಎದ್ದು ಸಾಲು ಸಾಲಾಗಿ ಬಿದ್ದರು. ಸತ್ತವರೇ ಇನ್ನೂರಕ್ಕೂ ಹೆಚ್ಚು. ತೋಪಿನವರ ಗಡಿಯಾರಕ್ಕೂ ಕಂದಕದವರ ಗಡಿಯಾರಕ್ಕೂ ತಾಳೆ ಹಾಕಿರಲಿಲ್ಲ ಎಂಬುದು ಬಹುಕಾಲದಿಂದ ಹೇಳಿಕೊಂಡು ಬಂದ ಕಾರಣ. ಇತಿಹಾಸಕಾರರು ಅದನ್ನು ಇನ್ನೂ ಚರ್ಚಿಸುತ್ತಾರೆ, ಅದು ಬೇರೆ ಮಾತು. ಅಂದಹಾಗೆ, ಮೂರು ವರ್ಷದ ನಂತರ 1918ರ ಸೆಪ್ಟೆಂಬರಿನಲ್ಲಿ ಹೈಫಾ ಪಟ್ಟಣದ ಮೇಲೆ ನುಗ್ಗಿದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಇದ್ದದ್ದು ಸರ್ ಹ್ಯಾರಿ ಶೊವೆಲ್ ಎಂಬ ಆಸ್ಟ್ರೇಲಿಯದ ಸೇನಾನಿಯ ಅಧೀನದಲ್ಲೇ. ಈ ನೆಲಕ್ಕೂ ನಮಗೂ ಇರುವ ನಂಟು ಐಟಿ ಕೆಲಸದಿಂದ ಶುರುವಾದದ್ದಲ್ಲ.

ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯದವರು ಗಡಿಯಾರ ಹೇಗಿರಬೇಕೆಂದು ಬರೆದೇ ಕೊಟ್ಟರು. ಅಮೆರಿಕದ ಎ-11 ಎಂಬ ವಾಚನ್ನು ಎಲ್ಜಿನ್, ವಾಲ್ಥಮ್, ಬುಲೋವಾ ಎಂಬ ಕಂಪನಿಗಳು ಮಾಡಿದವು. ಅದರ ಕೀಯನ್ನು ಹೊರಗೆಳೆದರೆ ಸೆಕೆಂಡಿನ ಮುಳ್ಳು ಅಲ್ಲೇ ನಿಲ್ಲುತ್ತಿತ್ತು. ಎಲ್ಲರೂ ಮುಳ್ಳನ್ನು ಹನ್ನೆರಡರ ಮೇಲೆ ನಿಲ್ಲಿಸಿಕೊಂಡು, ಮೇಲಧಿಕಾರಿ ಹೇಳಿದ ಕ್ಷಣಕ್ಕೆ ಕೀಯನ್ನು ಒಳಗೆ ತಳ್ಳಿದರೆ ಇಡೀ ತುಕಡಿಯ ವಾಚುಗಳು ಸೆಕೆಂಡಿಗೆ ಸೆಕೆಂಡು ಒಂದೇ. ಬ್ರಿಟಿಷರು ಹನ್ನೆರಡು ಸ್ವಿಸ್ ಕಂಪನಿಗಳಿಂದ ತರಿಸಿದ ವಾಚುಗಳು 1945ರಲ್ಲಿ ಬಂದವು: ಕರಿ ಡಯಲು, ಬಿಳಿ ಅಂಕಿ, ಕತ್ತಲಲ್ಲಿ ಹೊಳೆಯುವ ಮುಳ್ಳು. ಇವತ್ತು ಅಂಗಡಿಯಲ್ಲಿ ಕಾಣುವ ಫೀಲ್ಡ್ ವಾಚುಗಳೆಲ್ಲ ಇವೇ ಎರಡು ಮನೆತನದ ಕುಡಿಗಳು.

ನೋಡಿ, ಇಲ್ಲಿ ಎಲ್ಲೂ ದಪ್ಪ ಕವಚ, ನಾಲ್ಕು ಗುಂಡಿ, ಮೂರು ಚಿಕ್ಕ ಡಯಲುಗಳ ಮಾತು ಬರಲಿಲ್ಲ. ಎ-11 ಇವತ್ತಿನ ಲೆಕ್ಕದಲ್ಲಿ ಹೆಣ್ಣುಮಕ್ಕಳ ವಾಚಿನಷ್ಟು ಚಿಕ್ಕದು. ಓದಲು ಸುಲಭವಾಗಿರಬೇಕು, ಪೆಟ್ಟು ತಡೆಯಬೇಕು, ಕಳೆದುಹೋದರೂ ಎದೆ ಒಡೆಯಬಾರದು. ನನ್ನ ಮಟ್ಟಿಗೆ ಈ ಕೊನೆಯದೇ ಮುಖ್ಯ. ಗೀಚು ಬಿದ್ದೀತೆಂದು ಹೆದರಿ ಬಿಚ್ಚಿ ಚೀಲದಲ್ಲಿ ಇಡುವ ವಾಚು ಎಷ್ಟೇ ಗಟ್ಟಿಯಾಗಿರಲಿ, ಅದು ಕೆಲಸದ ವಾಚಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡ ನಾಡಿನಲ್ಲೇ ತಯಾರಾದ, ಇಂಥ ಗುಣಗಳೆಲ್ಲ ಇದ್ದ ಗಡಿಯಾರ ಒಂದಿತ್ತು. ಎಚ್‌ಎಂಟಿ ಜವಾನ್. ಬೆಂಗಳೂರಿನಲ್ಲಿ 1953ರಲ್ಲಿ ಶುರುವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ಜಪಾನಿನ ಸಿಟಿಜನ್ ಕಂಪನಿಯಿಂದ ಕೆಲಸ ಕಲಿತು 1961ರಲ್ಲಿ ಕೈಗಡಿಯಾರ ಮಾಡತೊಡಗಿತು. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ನಾನು ಆ ಕಡೆಯವನೇ. ಊರಿನಲ್ಲಿ "ಅವರ ಮಗ ಎಚ್‌ಎಂಟಿಯಲ್ಲಿದ್ದಾನೆ" ಅಂದರೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಜನತಾ, ಕೋಹಿನೂರ್, ಕಾಂಚನ್, ಪೈಲಟ್, ಜವಾನ್. ಈ ಹೆಸರುಗಳನ್ನು ಹೇಳಿದರೆ ಐವತ್ತು ದಾಟಿದ ಕೇಳುಗರಿಗೆ ತಂದೆಯವರ ಮುಂಗೈ ಕಣ್ಣೆದುರು ಬರಬಹುದು.

ಜವಾನ್ ಸೈನಿಕರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಪೈಲಟ್‌ಗೆ ಕರಿ ಡಯಲು, ದೊಡ್ಡ ಬಿಳಿ ಅಂಕಿ, ಸುಮಾರು 35 ಮಿಲಿಮೀಟರ್ ಅಗಲ. ಒಳಗೆ ಹದಿನೇಳು ಕಲ್ಲಿನ, ಕೈಯಿಂದ ಕೀ ಕೊಡುವ ಯಂತ್ರ. ಡಯಲಿನ ಮೇಲೆ ಸಣ್ಣಕ್ಷರದಲ್ಲಿ ಪ್ಯಾರಾ ಶಾಕ್ ಎಂದು ಬರೆದಿರುತ್ತಿತ್ತಲ್ಲ, ಅದು ಸಿಟಿಜನ್‌ನವರ ವಿದ್ಯೆ. ವಾಚು ಕೆಳಗೆ ಬಿದ್ದಾಗ ಮೊದಲು ಮುರಿಯುವುದು ಒಳಗಿನ ತೂಗುಚಕ್ರದ ಅಚ್ಚು. ಅದರ ತುದಿ ಕೂದಲಿಗಿಂತ ಸ್ವಲ್ಪ ದಪ್ಪ, ಅಷ್ಟೆ. ಆ ತುದಿ ಕೂರುವ ಕಲ್ಲನ್ನು ಗಟ್ಟಿಯಾಗಿ ಬಿಗಿಯದೆ, ಒಂದು ಪುಟ್ಟ ಸ್ಪ್ರಿಂಗಿನ ಅಡಿ ಇಟ್ಟಿರುತ್ತಾರೆ. ಪೆಟ್ಟು ಬಿದ್ದಾಗ ಕಲ್ಲು ತುಸು ಸರಿದು, ಅಚ್ಚಿನ ದಪ್ಪ ಭಾಗ ಹೊಡೆತ ತಾಳಿಕೊಂಡು, ಮತ್ತೆ ಎಲ್ಲ ತಮ್ಮ ಜಾಗಕ್ಕೆ ಬರುತ್ತವೆ. ಬೆಳಗ್ಗೆ ಎದ್ದು ಕೀ ಕೊಡುವಾಗ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಆ ಕಿರಕಿರ ಸದ್ದು ಕೇಳುತ್ತಾ, ಇನ್ನು ಸಾಕು ಎಂದು ಸ್ಪ್ರಿಂಗು ತಾನೇ ಬಿಗಿದು ಹೇಳುವ ತನಕ ತಿರುಗಿಸುವುದು, ಅದರ ಸುಖ ಸೆಲ್ಲಿನ ವಾಚಿನವರಿಗೆ ತಿಳಿಯದು.

ಆಮೇಲೆ ಆದದ್ದು ನಿಮಗೆಲ್ಲ ಗೊತ್ತು. 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ನಿಗಮವೂ ಸೇರಿ ಟೈಟನ್ ಹುಟ್ಟುಹಾಕಿದರು. ಕಾರ್ಖಾನೆ ನಮ್ಮ ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ, ಇವತ್ತಿಗೂ ಕನ್ನಡ ಕೇಳಿಸುವ ಊರು ಅದು. ಕ್ವಾರ್ಟ್ಜ್ ಯಂತ್ರ, ಚೆಂದದ ಷೋರೂಮು, ಕಿವಿಗೆ ಹಿತವಾದ ಜಾಹೀರಾತು. ಎಚ್‌ಎಂಟಿ ತಡವರಿಸಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ತುಮಕೂರಿನ ಆ ಜಾಗ ಇಸ್ರೋ ಪಾಲಾಯಿತು. ಬೆಂಗಳೂರಿಗೆ ಹೋದಾಗ ಬಿಡುವಿದ್ದರೆ ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯ ನೋಡಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು.

ಮುಚ್ಚಿದ ಮೇಲೆ ಎಚ್‌ಎಂಟಿಗೆ ಬೇಡಿಕೆ ಏರಿತು, ನಮ್ಮ ಜನರ ರೀತಿಯೇ ಹಾಗೆ. ಇಲ್ಲಿ ಕೂತು ಫೋನಿನಲ್ಲಿ ಹುಡುಕಿದರೆ ಇಪ್ಪತ್ತು ಮೂವತ್ತು ಡಾಲರಿಗೆ ಕಿತ್ತಳೆ ಬಣ್ಣದ, ಗಿಳಿಹಸಿರಿನ, ಗುಲಾಬಿಯ ಪೈಲಟ್‌ಗಳು ನೂರಾರು ಕಾಣುತ್ತವೆ. ಕೇಳುಗರೇ, ಅಂಥ ಬಣ್ಣದ ಪೈಲಟ್ಟು ಕಾರ್ಖಾನೆಯಿಂದ ಬಂದದ್ದಲ್ಲ. ನಾಲ್ಕು ಸತ್ತ ವಾಚುಗಳ ಅಂಗಾಂಗ ಜೋಡಿಸಿ, ಡಯಲಿಗೆ ಹೊಸದಾಗಿ ಬಣ್ಣ ಬಳಿದು, ಕವಚಕ್ಕೆ ಪಾಲಿಶ್ ಹಾಕಿ ಕಳಿಸಿದ್ದು. ಡಯಲಿನ ಅಕ್ಷರಗಳನ್ನು ದೊಡ್ಡದು ಮಾಡಿ ನೋಡಿ. ಕಾರ್ಖಾನೆಯ ಅಚ್ಚು ಕಡ್ಡಿ ಕೊರೆದ ಹಾಗೆ ತೀಕ್ಷ್ಣವಾಗಿರುತ್ತದೆ, ಮರುಬಣ್ಣದ್ದು ಅಂಚಿನಲ್ಲಿ ಹರಡಿಕೊಂಡಿರುತ್ತದೆ, ಮಿನಿಟಿನ ಗೆರೆ ಒಂದು ಕಡೆ ಅಂಕಿಗೆ ತಾಗಿ ಇನ್ನೊಂದು ಕಡೆ ದೂರ ನಿಂತಿರುತ್ತದೆ. ಮಾರುವವರು ಹಿಂದಿನ ಮುಚ್ಚಳ ತೆಗೆದ ಫೋಟೋ ಕಳಿಸದಿದ್ದರೆ ಆ ವ್ಯವಹಾರವನ್ನೇ ಬಿಟ್ಟುಬಿಡಿ. ನಿಜವಾದದ್ದು ಬೇಕೇ ಬೇಕೆಂದರೆ ಊರಿಗೆ ಹೋದಾಗ ಅಟ್ಟ, ಬೀರು, ಅಜ್ಜನ ಟ್ರಂಕು ತಡಕಾಡಿ. ಅಲ್ಲಿ ಸಿಕ್ಕಿದ್ದಕ್ಕೆ ಹಳೆಯ ಗಡಿಯಾರದ ಅಂಗಡಿಯ ಯಜಮಾನರೊಬ್ಬರ ಕೈಯಲ್ಲಿ ಎಣ್ಣೆ ಹಾಕಿಸಿದರೆ ಸಾಕು.

ಆದರೆ ಅದನ್ನು ಇಲ್ಲಿ ಸೈಟಿಗೋ ಕಡಲತೀರಕ್ಕೋ ಕಟ್ಟಿಕೊಂಡು ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದಕ್ಕೆ ನೀರು ಆಗದು. ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೂ ಅದರ ತಪ್ಪಲ್ಲ. ವಾರಕ್ಕೊಮ್ಮೆ, ಹಬ್ಬಕ್ಕೆ, ಕನ್ನಡ ಸಂಘದ ಯುಗಾದಿಗೆ ಕಟ್ಟಿ. ಇನ್ನೊಂದು ಎಚ್ಚರಿಕೆ: ಮನೆಯಲ್ಲಿ ಯುದ್ಧಕಾಲದ ವಿದೇಶಿ ವಾಚೇನಾದರೂ ಇದ್ದು ಅದರ ಅಂಕಿಗಳ ಮೇಲಿನ ಹೊಳಪು ಕಂದು ಬಣ್ಣಕ್ಕೆ ತಿರುಗಿದ್ದರೆ ಹಿಂದಿನ ಮುಚ್ಚಳ ನೀವೇ ತೆಗೆಯಬೇಡಿ. ಆ ಕಾಲದ ಹೊಳೆಯುವ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು, ಅದರ ಧೂಳು ಉಸಿರಿಗೆ ಹೋಗಬಾರದು.

ಸರಿ, ಹಾಗಾದರೆ ಏನು ಕೊಳ್ಳುವುದು? ಮೊದಲು ನೀರಿನ ವಿಷಯ, ಏಕೆಂದರೆ ಅಲ್ಲೇ ನಮ್ಮವರು ಹೆಚ್ಚು ಮೋಸಹೋಗುವುದು. ವಾಚಿನ ಬೆನ್ನ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಮೂವತ್ತು ಮೀಟರ್ ಆಳಕ್ಕೆ ಧುಮುಕಬಹುದು ಅಂತ ಅರ್ಥವಲ್ಲ. ಅದು ಪ್ರಯೋಗಶಾಲೆಯಲ್ಲಿ, ಹೊಸ ವಾಚಿನ ಮೇಲೆ, ಅಲುಗಾಡದ ಒತ್ತಡ ಹಾಕಿ ನೋಡಿದ ಲೆಕ್ಕ. ಬಳಕೆಯಲ್ಲಿ 30 ಎಂದರೆ ಕೈ ತೊಳೆಯುವಾಗ ಸಿಡಿದ ಹನಿ ಮತ್ತು ಮಳೆ, ಅಷ್ಟೆ. ಈಜಲು 100 ಇರಬೇಕು. ಈ ದೇಶದಲ್ಲಿ ಮಕ್ಕಳು ಶಾಲೆಯಲ್ಲೇ ಈಜು ಕಲಿಯುತ್ತಾರೆ, ರಜೆಯೆಂದರೆ ಬೀಚು. ಆದ್ದರಿಂದ ನೂರಕ್ಕಿಂತ ಕಡಿಮೆಯದ್ದನ್ನು ನಾನು ಯಾರಿಗೂ ಹೇಳುವುದಿಲ್ಲ. ನೀರು ತಡೆಯುವುದು ಒಂದು ಸಣ್ಣ ರಬ್ಬರ್ ಉಂಗುರ. ಅದಕ್ಕೆ ಸೋಪು, ಕ್ಲೋರಿನ್, ಉಪ್ಪು, ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಷ್‌ಬೋರ್ಡಿನ ಕಾವು, ನಾಲ್ಕೂ ವೈರಿಗಳು. ಸಮುದ್ರದಿಂದ ಬಂದ ಕೂಡಲೇ ನಲ್ಲಿ ನೀರಿನಲ್ಲಿ ತೊಳೆಯಿರಿ, ಸೆಲ್ಲು ಬದಲಾಯಿಸುವಾಗಲೆಲ್ಲ ಆ ಉಂಗುರವನ್ನೂ ಬದಲಾಯಿಸಿ ಎಂದು ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಮಾಲ್‌ಗಳ ಗೂಡಂಗಡಿಯವರು ಹಳೆಯದನ್ನೇ ಹಾಗೇ ಒತ್ತಿ ಕೊಡುತ್ತಾರೆ.

ಇನ್ನು ಓದುವಿಕೆ. ಅಂಗಡಿಯಲ್ಲಿ ವಾಚನ್ನು ಕಣ್ಣ ಹತ್ತಿರ ತಂದು ಮೆಚ್ಚಿಕೊಳ್ಳಬೇಡಿ. ಮುಂಗೈಗೆ ಕಟ್ಟಿ, ಕೈಯನ್ನು ಸ್ಟೀರಿಂಗ್ ಹಿಡಿದಷ್ಟು ದೂರ ಚಾಚಿ, ಒಮ್ಮೆ ಕಣ್ಣು ಹಾಯಿಸಿ ತಕ್ಷಣ ಬೇರೆಡೆ ನೋಡಿ. ಗಂಟೆ ಎಷ್ಟು, ನಿಮಿಷ ಎಷ್ಟು ಎಂದು ಹೇಳಲಾಯಿತೇ? ಗಂಟೆಯ ಮುಳ್ಳಿಗೂ ನಿಮಿಷದ ಮುಳ್ಳಿಗೂ ಉದ್ದದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಬೇಕು, ನಿಮಿಷದ ಮುಳ್ಳು ಅಂಚಿನ ಗೆರೆಯನ್ನು ಮುಟ್ಟಬೇಕು. ಕರಿ ಡಯಲಿಗೆ ಕರಿ ಮುಳ್ಳು ಹಾಕಿ ಮಾರುವ ಪುಣ್ಯಾತ್ಮರೂ ಇದ್ದಾರೆ! ಆಮೇಲೆ ಅಂಗೈಯಿಂದ ಮುಚ್ಚಿ ಕತ್ತಲು ಮಾಡಿ ಇಣುಕಿ ನೋಡಿ. ಈಗಿನ ಹೊಳಪು ವಿಷವಲ್ಲ, ಬೆಳಕು ಕುಡಿದು ಕತ್ತಲಲ್ಲಿ ಕಕ್ಕುವ ಬಗೆಯದು. ಡೇರೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೂ ಕಾಣುವಷ್ಟು ದಪ್ಪಗೆ ಬಳಿದಿರುವುದು ಅಗ್ಗದ ವಾಚುಗಳಲ್ಲಿ ಅಪರೂಪ. ಸೈಕೋದವರು ಈ ವಿಷಯದಲ್ಲಿ ಧಾರಾಳಿಗಳು. ಟೈಮೆಕ್ಸ್‌ನವರು 1992ರಿಂದ ಗುಂಡಿ ಒತ್ತಿದರೆ ಇಡೀ ಡಯಲೇ ಬೆಳಗುವ ಇಂಡಿಗ್ಲೋ ಕೊಡುತ್ತಾರೆ, ಅದೂ ಒಳ್ಳೆಯದೇ. ಅವರ ಕೆಲವು ವಾಚುಗಳ ಟಿಕ್ ಟಿಕ್ ಮಾತ್ರ ದಿಂಬಿನ ಪಕ್ಕ ಇಟ್ಟರೆ ನಿದ್ದೆಗೆಡಿಸುವಷ್ಟು ಜೋರು.

ಗಾಜು ಮತ್ತು ಬೆಲ್ಟಿನ ಬಗ್ಗೆ ಎರಡೇ ಮಾತು. ಈ ಬೆಲೆಯಲ್ಲಿ ಸಿಗುವುದು ಸಾಧಾರಣ ಗಟ್ಟಿ ಗಾಜು, ಗೀಚು ಬೀಳುತ್ತದೆ, ಬೀಳಲಿ. ಬೆಲ್ಟು ಮಾತ್ರ ನೈಲಾನಿನದೇ ಇರಲಿ. ಬ್ರಿಟಿಷ್ ಸೈನ್ಯ 1973ರಲ್ಲಿ ಗೊತ್ತುಮಾಡಿದ ಒಂದೇ ಪಟ್ಟಿಯ ನಮೂನೆ ಇದೆ, ವಾಚಿನ ಬೆನ್ನ ಹಿಂದಿನಿಂದ ತೂರಿಕೊಂಡು ಹೋಗುತ್ತದೆ. ಒಂದು ಬದಿಯ ಕಡ್ಡಿ ಕಿತ್ತುಬಂದರೂ ಇನ್ನೊಂದು ಬದಿಯಲ್ಲಿ ವಾಚು ನೇತಾಡುತ್ತಿರುತ್ತದೆ, ಪೊದೆಯೊಳಗೆ ಬೀಳುವುದಿಲ್ಲ. ಬೆವರು ಕುಡಿದು ನಾರಿದರೆ ಬಟ್ಟೆಯ ಜೊತೆ ಒಗೆದರಾಯಿತು. ಇನ್ನು ಎಲೆಕ್ಟ್ರಿಷಿಯನ್ ಕೆಲಸದವರಿಗೆ ಒಂದು ಮಾತು: ಲೋಹದ ವಾಚು, ಲೋಹದ ಚೈನು ಎರಡೂ ಬೇಡ. ತಂತಿಗೆ ತಾಗಿದರೆ ವಿದ್ಯುತ್ತು ಹಾಯುವುದು ನಿಮ್ಮ ಮುಂಗೈಯಲ್ಲೇ. ಪ್ಲಾಸ್ಟಿಕ್ ಕವಚದ್ದನ್ನೇ ಕೊಳ್ಳಿ, ಅದನ್ನೂ ಸ್ವಿಚ್‌ಬೋರ್ಡ್ ಬಿಚ್ಚುವ ಮೊದಲು ತೆಗೆದಿಡಿ.

ಹೆಸರು ಹೇಳಿ ಅಂತೀರಿ. ಹೇಳುತ್ತೇನೆ, ಆದರೆ ಯಾವ ಅಂಗಡಿಯವರೂ ನನಗೆ ಚಹಾ ಕೂಡ ಕುಡಿಸಿಲ್ಲ.

ಹೈಸ್ಕೂಲು ಹುಡುಗನಿಗೆ, ಒರಟು ಕೆಲಸದ ಅಪ್ಪನಿಗೆ, ಅತ್ಯಂತ ಕಡಿಮೆ ದುಡ್ಡಿನಲ್ಲಿ ಬೇಕೆಂದರೆ ಕ್ಯಾಸಿಯೋ ಎಇ-1200. ನೂರು ಮೀಟರ್ ನೀರು ತಡೆಯುತ್ತದೆ, ಸೆಲ್ಲು ಹತ್ತು ವರ್ಷ ಎನ್ನುತ್ತಾರೆ. ಪುಟ್ಟ ಭೂಪಟವೂ ಇದೆ. ನಮಗೆ ಮುಖ್ಯವಾದದ್ದು, ಸಿಡ್ನಿಯ ಜೊತೆಗೆ ದೆಹಲಿಯ ಸಮಯವನ್ನೂ ಇಟ್ಟುಕೊಳ್ಳಬಹುದು. ಅಮ್ಮನಿಗೆ ಫೋನು ಮಾಡುವ ಮೊದಲು ಅಲ್ಲಿ ಈಗ ಎಷ್ಟು ಗಂಟೆ ಎಂದು ಬೆರಳು ಎಣಿಸುವ ಕಷ್ಟ ತಪ್ಪಿತು. ಅಕ್ಟೋಬರ್ ಮೊದಲ ಭಾನುವಾರ ಮತ್ತು ಏಪ್ರಿಲ್ ಮೊದಲ ಭಾನುವಾರ ಸಿಡ್ನಿಯ ಸಮಯವನ್ನು ಮಾತ್ರ ನೀವೇ ಬದಲಾಯಿಸಬೇಕು. ಇದಕ್ಕಿಂತಲೂ ಗಟ್ಟಿ ಬೇಕೆಂದರೆ ಅದೇ ಮನೆಯ ಜಿ-ಶಾಕ್, ಚೌಕಾಕಾರದ ಡಿಡಬ್ಲ್ಯು-5600. ಅದನ್ನು ಕಂಡುಹಿಡಿದ ಕಿಕುವೊ ಇಬೆ ಎಂಬ ಎಂಜಿನಿಯರ್ ತಂದೆ ಕೊಟ್ಟ ವಾಚು ಬಿದ್ದು ಒಡೆದದ್ದನ್ನು ನೋಡಿ ಹಟ ಹಿಡಿದವರು. ಮಾದರಿ ಮೇಲೆ ಮಾದರಿ ಮಾಡಿ, ಕಚೇರಿಯ ಮೂರನೇ ಮಹಡಿಯ ಶೌಚಾಲಯದ ಕಿಟಕಿಯಿಂದ ಕೆಳಗೆ ಎಸೆದು ಎಸೆದು ನೋಡಿದರಂತೆ. ಉದ್ಯಾನದಲ್ಲಿ ಮಗುವೊಂದು ಚೆಂಡು ಪುಟಿಸುವುದನ್ನು ಕಂಡಾಗ ಹೊಳೆಯಿತು, ಚೆಂಡಿನ ನಡುವೆ ತೇಲುತ್ತಿರುವ ವಸ್ತುವಿಗೆ ಪೆಟ್ಟು ತಾಗುವುದಿಲ್ಲ ಎಂದು. 1983ರಲ್ಲಿ ಮೊದಲನೆಯದು ಬಂತು. ಗೋದಾಮಿನ ಫೋರ್ಕ್‌ಲಿಫ್ಟ್ ಓಡಿಸುವವರ ಕೈಯಲ್ಲಿ ಇವತ್ತಿಗೂ ಹೆಚ್ಚಾಗಿ ಕಾಣುವುದು ಇದೇ.

ಮುಳ್ಳಿನ ವಾಚೇ ಬೇಕು, ಯುದ್ಧಕಾಲದ ಆ ಮುಖಲಕ್ಷಣವೇ ಬೇಕು ಎನ್ನುವವರಿಗೆ ನನ್ನ ಆಯ್ಕೆ ಸಿಟಿಜನ್ ಬಿಎಂ8180. ಅದೇ ಸಿಟಿಜನ್, ನಮ್ಮ ಎಚ್‌ಎಂಟಿಗೆ ಅಕ್ಷರಾಭ್ಯಾಸ ಮಾಡಿಸಿದ ಕಂಪನಿ. 37 ಮಿಲಿಮೀಟರ್, ನಮ್ಮ ಸಣ್ಣ ಮುಂಗೈಗಳಿಗೆ ಹೇಳಿ ಮಾಡಿಸಿದ ಅಳತೆ. ಕರಿ ಡಯಲು, ಬಿಳಿ ಅಂಕಿ, ಒಳಸುತ್ತಿನಲ್ಲಿ 24 ಗಂಟೆಯ ಲೆಕ್ಕ, ವಾರ, ತಾರೀಖು, ನೈಲಾನ್ ಪಟ್ಟಿ, ನೂರು ಮೀಟರ್. ಸೆಲ್ಲು ಬದಲಾಯಿಸುವ ರಗಳೆ ಇಲ್ಲ, ಡಯಲಿನ ಮೂಲಕ ಹಾದ ಬೆಳಕಿನಿಂದಲೇ ಚಾರ್ಜ್ ಆಗುತ್ತದೆ. ಈ ವಿದ್ಯೆಯಲ್ಲಿ ಅವರು ಪಳಗಿದವರು, ಬೆಳಕಿನಿಂದ ಓಡುವ ಮೊದಲ ಮುಳ್ಳಿನ ವಾಚನ್ನು ಸಿಟಿಜನ್ 1976ರಲ್ಲೇ ಮಾಡಿತ್ತು. ಪೂರ್ತಿ ಚಾರ್ಜ್ ಆದರೆ ಕತ್ತಲಲ್ಲೂ ಆರು ತಿಂಗಳು ನಡೆಯುತ್ತದೆ. ಚಾರ್ಜ್ ಕಡಿಮೆಯಾದಾಗ ಸೆಕೆಂಡಿನ ಮುಳ್ಳು ಎರಡೆರಡು ಸೆಕೆಂಡು ಒಟ್ಟಿಗೆ ಹಾರುತ್ತದೆ. ವಾಚು ಕೆಟ್ಟಿತೆಂದು ಗಾಬರಿಯಾಗಬೇಡಿ, ಕಿಟಕಿಯ ಬಳಿ ಇಡಿ. ಬಿಸಿಲಿಗೆ ಬರವಿಲ್ಲದ ಪಶ್ಚಿಮ ಸಿಡ್ನಿಯಲ್ಲಿ ಇದಕ್ಕಿಂತ ಯೋಗ್ಯವಾದದ್ದು ನನಗೆ ಕಾಣುವುದಿಲ್ಲ. ಪೂರ್ತಿ ಬೆಲೆ ಕೊಟ್ಟು ಮಾತ್ರ ಕೊಳ್ಳಬೇಡಿ, ರಿಯಾಯಿತಿ ಬಂದೇ ಬರುತ್ತದೆ.

ಇನ್ನೂ ಸ್ವಲ್ಪ ಹೆಚ್ಚು ಖರ್ಚಿಗೆ ಸಿದ್ಧರಿದ್ದು, ಸೆಲ್ಲು ಬೇಡ, ಬೆಳಕು ಬೇಡ, ಒಳಗೆ ಚಕ್ರ ಸ್ಪ್ರಿಂಗುಗಳೇ ಓಡಬೇಕು ಎನ್ನುವ ನನ್ನಂಥವರಿಗೆ ಸೈಕೋ 5 ಸ್ಪೋರ್ಟ್ಸ್‌ನ ಫೀಲ್ಡ್ ಸಾಲು ಇದೆ. ಕೈ ಆಡಿಸಿದರೆ ತಾನೇ ಕೀ ಆಗುತ್ತದೆ, ಬೇಕಾದರೆ ಕೈಯಿಂದಲೂ ಕೊಡಬಹುದು, ಕೀ ಎಳೆದರೆ ಸೆಕೆಂಡು ನಿಲ್ಲುತ್ತದೆ. ಆದರೆ ದಿನಕ್ಕೆ 45 ಸೆಕೆಂಡು ಮುಂದೆ, 35 ಸೆಕೆಂಡು ಹಿಂದೆ ಹೋದರೂ ಅದು ಸರಿಯಾಗಿದೆ ಎಂದೇ ಕಂಪನಿಯ ಲೆಕ್ಕ. ರೈಲು ಹಿಡಿಯುವವರು ವಾರಕ್ಕೊಮ್ಮೆ ಸರಿಪಡಿಸಿಕೊಳ್ಳಬೇಕು. ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗೆ ತಾರೀಖು ಬದಲಾಯಿಸಬೇಡಿ, ಒಳಗಿನ ಹಲ್ಲುಗಳು ಆ ಹೊತ್ತಿನಲ್ಲಿ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಬಲವಂತ ಮಾಡಿದರೆ ಮುರಿಯುತ್ತವೆ. ಈ ದೇಶದ್ದೇ ಬೇಕೆನ್ನುವವರಿಗೆ 1971ರಿಂದ ಇರುವ ಬ್ರಿಸ್ಬೇನಿನ ಅಡೀನಾ ಇದೆ. ಈಗ ಸ್ವಿಸ್ ಕಂಪನಿಯಾಗಿರುವ ಹ್ಯಾಮಿಲ್ಟನ್‌ನವರ ಖಾಕಿಯನ್ನು ನಾನು ಇವತ್ತಿನ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಚೆಂದದ ವಾಚು, ಒಪ್ಪುತ್ತೇನೆ. ಆದರೆ ಆ ಬೆಲೆಗೆ ಕೊಂಡವನು ಅದನ್ನು ಬಿಚ್ಚಿ ಚೀಲದಲ್ಲಿಡುವವನೇ.

ಎಲ್ಲಿ ಕೊಂಡರೂ ರಸೀದಿ ಇಟ್ಟುಕೊಳ್ಳಿ. ಇಲ್ಲಿನ ಅಂಗಡಿಯಲ್ಲಿ ಕೊಂಡದ್ದಕ್ಕೆ ಆಸ್ಟ್ರೇಲಿಯದ ಗ್ರಾಹಕ ಕಾನೂನಿನ ಖಾತರಿ ಇರುತ್ತದೆ, ಹೊರದೇಶದ ಯಾವುದೋ ಗೋದಾಮಿನಿಂದ ಐವತ್ತು ಡಾಲರ್ ಉಳಿಸಿ ತರಿಸಿದ್ದು ಕೆಟ್ಟರೆ ಯಾರ ಬಾಗಿಲು ತಟ್ಟುತ್ತೀರಿ?

ಮುಳ್ಳಿನ ವಾಚು ಕೊಂಡವರಿಗೆ ಒಂದು ಚಮತ್ಕಾರ ಹೇಳಿಕೊಡುತ್ತೇನೆ. ಬೇಸಿಗೆಯಲ್ಲಿ, ಗಡಿಯಾರ ಒಂದು ಗಂಟೆ ಮುಂದೆ ಹೋದ ಮೇಲೆ, ಸಿಡ್ನಿ ಮೆಲ್ಬರ್ನ್‌ಗಳಿಗೂ ಊರಿಗೂ ಐದೂವರೆ ಗಂಟೆ ವ್ಯತ್ಯಾಸ. ಆಗ ವಾಚನ್ನು ತಲೆಕೆಳಗು ಮಾಡಿ ಹಿಡಿಯಿರಿ. ಅಂಕಿಗಳನ್ನು ಮರೆತು, ಮುಳ್ಳು ನಿಂತ ಜಾಗ ಮಾತ್ರ ನೋಡಿ. ಇಲ್ಲಿ ಮಧ್ಯಾಹ್ನ ಮೂರು ಗಂಟೆ ಅನ್ನಿ. ತಿರುಗಿಸಿದರೆ ಗಂಟೆಯ ಮುಳ್ಳು ಒಂಬತ್ತರ ಜಾಗಕ್ಕೆ, ನಿಮಿಷದ ಮುಳ್ಳು ಆರರ ಜಾಗಕ್ಕೆ ಬರುತ್ತದೆ: ಒಂಬತ್ತೂವರೆ. ಬೆಂಗಳೂರಿನಲ್ಲಿ ಆಗ ಬೆಳಗ್ಗೆ ಒಂಬತ್ತೂವರೆಯೇ! ಗಂಟೆಯ ಮುಳ್ಳು ಅರ್ಧ ಮನೆ ಹಿಂದೆ ನಿಂತಂತೆ ಕಾಣುತ್ತದೆ, ಅದೊಂದು ರೂಢಿಯಾಗಬೇಕು. ಚಳಿಗಾಲದಲ್ಲಿ ವ್ಯತ್ಯಾಸ ನಾಲ್ಕೂವರೆಗೆ ಇಳಿಯುತ್ತದೆ, ಆಗ ಹೀಗೆ ಬಂದದ್ದಕ್ಕೆ ಒಂದು ಗಂಟೆ ಕೂಡಿಸಿ.

ಇನ್ನೊಂದು ಚಮತ್ಕಾರ ದಿಕ್ಕಿನದು. ಊರಿನಲ್ಲಿ ಎನ್‌ಸಿಸಿಯಲ್ಲಿದ್ದವರು ಗಂಟೆಯ ಮುಳ್ಳನ್ನು ಸೂರ್ಯನ ಕಡೆ ಹಿಡಿದು ದಕ್ಷಿಣ ಹುಡುಕುವುದನ್ನು ಕಲಿತಿರುತ್ತೀರಿ. ಇಲ್ಲಿ ಹಾಗೆ ಮಾಡಿದರೆ ದಾರಿ ತಪ್ಪುವುದು ಖಂಡಿತ. ಇಲ್ಲಿ ಸೂರ್ಯ ನಡುಹಗಲು ಉತ್ತರಕ್ಕಿರುತ್ತಾನೆ. ಆದ್ದರಿಂದ ವಾಚನ್ನು ಅಂಗೈ ಮೇಲೆ ಮಟ್ಟಸವಾಗಿಟ್ಟು, ಹನ್ನೆರಡರ ಅಂಕಿಯನ್ನು ಸೂರ್ಯನ ಕಡೆ ತಿರುಗಿಸಬೇಕು. ಹನ್ನೆರಡಕ್ಕೂ ಗಂಟೆಯ ಮುಳ್ಳಿಗೂ ನಡುವಿನ ಗೆರೆ ಉತ್ತರ. ಬೇಸಿಗೆಯಲ್ಲಿ ಗಡಿಯಾರದಿಂದ ಒಂದು ಗಂಟೆ ಕಳೆದು ಲೆಕ್ಕ ಹಾಕಿ. ಡಿಸೆಂಬರಿನ ನಡುಮಧ್ಯಾಹ್ನ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಈ ಉಪಾಯ ಆಗ ನಂಬಿಕೆಗೆ ಅರ್ಹವಲ್ಲ, ಬೆಳಗ್ಗೆ ಸಂಜೆ ಪರವಾಗಿಲ್ಲ.

ಮಕ್ಕಳನ್ನು ಬೆಟ್ಟಕ್ಕೆ ಕಳಿಸುವ ತಂದೆತಾಯಿಗಳೇ, ಇದನ್ನೆಲ್ಲ ಹೇಳಿಕೊಡಿ, ಆದರೆ ಇದನ್ನೇ ನಂಬಿ ಕಳಿಸಬೇಡಿ. ಬ್ಲೂ ಮೌಂಟನ್ಸ್‌ನ ಕಣಿವೆಗಳಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅಪಾಯ ಬಂದರೆ ಗುಂಡಿ ಒತ್ತಿ ರಕ್ಷಣೆಯವರನ್ನು ಕರೆಯುವ ಪುಟ್ಟ ಬೀಕನ್ನನ್ನು ರಾಷ್ಟ್ರೀಯ ಉದ್ಯಾನದವರೂ ಪೊಲೀಸರೂ ನಡೆದಾಡುವವರಿಗೆ ಪುಕ್ಕಟೆ ಎರವಲು ಕೊಡುತ್ತಾರೆ. ಬ್ಲ್ಯಾಕ್‌ಹೀತ್‌ನ ಹೆರಿಟೇಜ್ ಸೆಂಟರಿನಲ್ಲಿ, ಕಟೂಂಬಾ ಪೊಲೀಸ್ ಠಾಣೆಯಲ್ಲಿ ಕೇಳಿ ನೋಡಿ. ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ವಾಪಸ್ಸು ಎಂದು ಒಂದು ನಮೂನೆಯಲ್ಲಿ ಬರೆಸಿಕೊಳ್ಳುತ್ತಾರೆ. ವಾಪಸ್ಸು ಬರುವ ಹೊತ್ತನ್ನು ಸರಿಯಾಗಿ ಬರೆಯಲು ಹೇಳಿ.